ಗಾಳಿಯಂತ್ರದ ಲೆಕ್ಕ ಸಾಕು, ಕೇಬಲ್ಲಿನ ಲೆಕ್ಕ ಕೊಡಿ

ಮಾನ್ಯ ಸಂಪಾದಕರೇ,

ಸಮುದ್ರದಲ್ಲಿ ಗಾಳಿಯಂತ್ರ ನಿಲ್ಲಿಸಿ ವಿದ್ಯುತ್ ತೆಗೆಯುವ ಯೋಜನೆಗಳ ಸುದ್ದಿ ಬಂದಾಗಲೆಲ್ಲ ಎರಡು ಅಂಕಿ ದಪ್ಪಕ್ಷರದಲ್ಲಿರುತ್ತವೆ: ಎಷ್ಟು ಯಂತ್ರ, ಎಷ್ಟು ಮೆಗಾವ್ಯಾಟ್. ಪಕ್ಕದಲ್ಲಿ ನೀಲಿ ನೀರಿನ ಮೇಲೆ ಬಿಳಿ ಕಂಬಗಳ ಸಾಲಿನ ಚಿತ್ರ. ವಿದ್ಯುತ್ ಪ್ರಸರಣದ ಕೆಲಸದಲ್ಲಿರುವ ನಮಗೆ ಚಿತ್ರದಲ್ಲಿ ಕಾಣದ ಭಾಗದ್ದೇ ಚಿಂತೆ. ಯಂತ್ರ ನಿಲ್ಲಿಸುವ ವಿದ್ಯೆ ಇಂದು ಚೆನ್ನಾಗಿ ಪಳಗಿದೆ. 1991ರಲ್ಲಿ ಡೆನ್ಮಾರ್ಕಿನ ವಿಂಡೆಬಿಯಲ್ಲಿ ತಲಾ 450 ಕಿಲೋವ್ಯಾಟಿನ 11 ಯಂತ್ರಗಳಿಂದ ಶುರುವಾದದ್ದು, ಈಗ ಒಂದೊಂದೇ ಯಂತ್ರ 15 ಮೆಗಾವ್ಯಾಟ್ ಕೊಡುವಲ್ಲಿಗೆ ಬಂದಿದೆ. ಆ ವಿದ್ಯುತ್ತನ್ನು ದಡಕ್ಕೆ ತಂದು ದೇಶದ ಗ್ರಿಡ್ಡಿಗೆ ಸೇರಿಸುವುದು ಇಂದಿಗೂ ಕಷ್ಟದ ಕೆಲಸ.

ಜರ್ಮನಿಯ ಬೋರ್ಕುಮ್ ದ್ವೀಪದ ಹತ್ತಿರ ರಿಫ್‌ಗಾಟ್ ಎಂಬ ಘಟಕವಿದೆ. 30 ಯಂತ್ರ, 108 ಮೆಗಾವ್ಯಾಟ್. 2013ರ ಬೇಸಿಗೆಗೆ ಯಂತ್ರಗಳೆಲ್ಲ ಎದ್ದು ನಿಂತವು, ಕೇಬಲ್ ಮಾತ್ರ ಬರಲಿಲ್ಲ. ಅದು ಹಾಯಬೇಕಿದ್ದ ಸಮುದ್ರತಳದಲ್ಲಿ ಎರಡನೇ ಮಹಾಯುದ್ಧದ ಕಾಲದ ಮದ್ದುಗುಂಡುಗಳು ಬಿದ್ದಿದ್ದವು. ಅವನ್ನು ಎತ್ತಿ, ಕೇಬಲ್ ಹೂತು, ಸಂಪರ್ಕ ಕೊಡುವ ಹೊತ್ತಿಗೆ 2014ರ ಫೆಬ್ರವರಿ ಬಂದಿತ್ತು. ಅಲ್ಲಿಯವರೆಗೆ ಆ ಗಾಳಿಯಂತ್ರಗಳನ್ನು ಆಗಾಗ ತಿರುಗಿಸಲು ಡೀಸೆಲ್ ಜನರೇಟರ್ ಓಡಿಸಬೇಕಾಯಿತು! ಕೇಳಿದವರು ನಕ್ಕರು, ಆದರೆ ಅದು ತಪ್ಪು ಕೆಲಸವಾಗಿರಲಿಲ್ಲ. ಕಡಲಿನ ಯಂತ್ರಕ್ಕೆ ತಾನು ವಿದ್ಯುತ್ ಕೊಡದ ಹೊತ್ತಿನಲ್ಲೂ ವಿದ್ಯುತ್ ಬೇಕು. ಗೋಪುರದೊಳಗಿನ ಉಪ್ಪುತೇವ ಒಣಗಿಸಬೇಕು, ಮುಖವನ್ನು ಗಾಳಿಯ ಕಡೆ ತಿರುಗಿಸಬೇಕು, ಬೇರಿಂಗಿಗೆ ಎಣ್ಣೆ ಹರಿಸಬೇಕು. ಕೆಲವು ವಾರ ಹಾಗೇ ಬಿಟ್ಟರೆ ಬೇರಿಂಗಿನ ಗುಂಡುಗಳು ನಿಂತಲ್ಲೇ ಗುಳಿ ಬೀಳಿಸುತ್ತವೆ. ಆದ್ದರಿಂದಲೇ ಕ್ರಮಬದ್ಧವಾದ ಚಾಲನೆಯಲ್ಲಿ ಮೊದಲು ದಡದ ಸಬ್‌ಸ್ಟೇಷನ್, ನಂತರ ದಡಕ್ಕೆ ಬರುವ ಕೇಬಲ್, ಆಮೇಲೆ ಕಡಲ ಸಬ್‌ಸ್ಟೇಷನ್ನಿನ ಟ್ರಾನ್ಸ್‌ಫಾರ್ಮರ್, ಕೊನೆಗೆ ಯಂತ್ರಗಳ ಸಾಲು, ಹೀಗೆ ದಡದಿಂದ ಕಡಲಿನತ್ತ ಚಾರ್ಜ್ ಮಾಡುತ್ತ ಹೋಗುತ್ತಾರೆ. ಅಂದರೆ ವಿದ್ಯುತ್ ಮೊದಲು ಹರಿಯುವುದು ದಡದಿಂದ ಯಂತ್ರದತ್ತ.

ಸಹಜ ದಿಕ್ಕಿನಲ್ಲಿ ದಾರಿ ಹೀಗಿದೆ. ಗೋಪುರದೊಳಗಿನ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು 66 ಕೆ.ವಿ.ಗೆ (ಕಿಲೋವೋಲ್ಟ್) ಏರಿಸುತ್ತದೆ. ಒಂದೇ ಕೇಬಲ್ಲಿಗೆ ಮಾಲೆಯಂತೆ ಹಲವು ಯಂತ್ರ ಪೋಣಿಸಿರುತ್ತಾರೆ. 15 ಮೆಗಾವ್ಯಾಟಿನ ಐದು ಯಂತ್ರವೆಂದರೆ 75 ಮೆಗಾವ್ಯಾಟ್; 66 ಕೆ.ವಿ.ಯಲ್ಲಿ ಸುಮಾರು 650 ಆಂಪಿಯರ್. ಮೊದಲಿನ ಘಟಕಗಳಲ್ಲಿದ್ದ 33 ಕೆ.ವಿ.ಯಲ್ಲಾದರೆ ಅದೇ 1,300 ಆಂಪಿಯರ್ ಆಗುತ್ತಿತ್ತು, ಅಷ್ಟು ದಪ್ಪದ ಕೇಬಲನ್ನು ಬಾಗಿಸಿ ಗೋಪುರದೊಳಗೆ ಎಳೆಯುವುದೇ ಕಷ್ಟ. ಈಗ 132 ಕೆ.ವಿ.ಯತ್ತ ಸಾಗುತ್ತಿರುವುದೂ ಇದೇ ಕಾರಣಕ್ಕೆ. ಮಾಲೆಗಳೆಲ್ಲ ಕಡಲ ಸಬ್‌ಸ್ಟೇಷನ್ನಿಗೆ ಬಂದು, ಅಲ್ಲಿ 220 ಕೆ.ವಿ.ಗೆ ಏರಿ, ದಡದತ್ತ ಹೊರಡುತ್ತವೆ.

ನಿಜವಾದ ತೊಡಕು ಇಲ್ಲಿಂದ ಶುರು. ಗೋಪುರದ ಮೇಲೆ ತೂಗುವ ತಂತಿಗೂ ನೆಲದಡಿಯ ಕೇಬಲ್ಲಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ತಾಮ್ರದ ತಿರುಳು, ಸುತ್ತ ದಪ್ಪನೆಯ ಪ್ಲಾಸ್ಟಿಕ್ ನಿರೋಧಕ, ಅದರ ಮೇಲೆ ಸೀಸದ ಕವಚ: ಇದು ಉದ್ದಕ್ಕೆ ಚಾಚಿದ ಒಂದು ಕೆಪಾಸಿಟರ್ ಅಷ್ಟೆ. ಸೆಕೆಂಡಿಗೆ 50 ಬಾರಿ ಅದು ತುಂಬಿಕೊಂಡು ಖಾಲಿಯಾಗುತ್ತಲೇ ಇರಬೇಕು. 220 ಕೆ.ವಿ.ಯ ಸಮುದ್ರ ಕೇಬಲ್ ಕಿಲೋಮೀಟರಿಗೆ ಸುಮಾರು 3 ಮೆಗಾವಾರ್ ರಿಯಾಕ್ಟಿವ್ ಪವರ್ ಹುಟ್ಟಿಸುತ್ತದೆ (ಕೆಲಸಕ್ಕೆ ಬಾರದೆ ಹಿಂದೆ ಮುಂದೆ ಓಡಾಡುತ್ತ ಕೇಬಲ್ಲಿನ ಜಾಗ ತಿನ್ನುವ ಶಕ್ತಿ ಇದು, ಮೆಗಾವಾರ್ ಅದರ ಅಳತೆ). ಅದೇ ವೋಲ್ಟೇಜಿನ ಮೇಲ್ತಂತಿಗೆ ಹೋಲಿಸಿದರೆ ಇಪ್ಪತ್ತು ಪಟ್ಟಿನಷ್ಟು.

ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. ಕೇಬಲ್ಲಿನ ಉದ್ದ 100 ಕಿ.ಮೀ., ಹೊರುವ ಶಕ್ತಿ 350 ಎಂ.ವಿ.ಎ. (ನಿಜವಾದ ವಿದ್ಯುತ್ತೂ ರಿಯಾಕ್ಟಿವ್ ಪವರೂ ಸೇರಿದ ಹೊರೆಯ ಅಳತೆ) ಎಂದಿಟ್ಟುಕೊಳ್ಳಿ. ಅದು ಹುಟ್ಟಿಸುವ ರಿಯಾಕ್ಟಿವ್ ಪವರ್ 300 ಮೆಗಾವಾರ್. ಇದಿಷ್ಟೂ ಒಂದೇ ತುದಿಯಿಂದ ಹೊರಹೋಗಬೇಕಾದರೆ ಆ ತುದಿಯಲ್ಲಿ ನಿಜವಾದ ವಿದ್ಯುತ್ತಿಗೆ ಉಳಿಯುವ ಜಾಗ, 350ರ ವರ್ಗದಿಂದ 300ರ ವರ್ಗ ಕಳೆದು ಉಳಿದದ್ದರ ವರ್ಗಮೂಲ, ಅಂದರೆ ಸುಮಾರು 180 ಮೆಗಾವ್ಯಾಟ್. ದುಡ್ಡು ಕೊಟ್ಟು ಕೊಂಡ ಕೇಬಲ್ಲಿನಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬಂತು. ಎರಡೂ ತುದಿಗೆ ಷಂಟ್ ರಿಯಾಕ್ಟರ್ ಕೂರಿಸಿ ತಲಾ 150 ಹೀರಿಕೊಂಡರೆ 316 ಮೆಗಾವ್ಯಾಟ್ ಸಿಗುತ್ತದೆ. ನಡುದಾರಿಯಲ್ಲೂ ಒಂದು ರಿಯಾಕ್ಟರ್ ಇಟ್ಟರೆ 340 ದಾಟುತ್ತದೆ. (ಅಣು ರಿಯಾಕ್ಟರಿಗೂ ಇದಕ್ಕೂ ಹೆಸರಷ್ಟೇ ಸಮ, ಇದು ಕಬ್ಬಿಣದ ತಿರುಳಿಗೆ ಸುತ್ತಿದ ಸುರುಳಿ.) ಇಂಗ್ಲೆಂಡಿನ ಯಾರ್ಕ್‌ಷೈರ್ ಕರಾವಳಿಯಿಂದ 120 ಕಿ.ಮೀ. ದೂರದ ಹಾರ್ನ್‌ಸಿ ಒಂದನೇ ಘಟಕದಲ್ಲಿ, ಯಂತ್ರಗಳಿಗೂ ದಡಕ್ಕೂ ನಡುವೆ ಸಮುದ್ರದಲ್ಲೇ ಇದಕ್ಕೆಂದು ಪ್ರತ್ಯೇಕ ವೇದಿಕೆ ಕಟ್ಟಿದ್ದಾರೆ. ಅದರ ಮೇಲೆ ಒಂದು ಯಂತ್ರವೂ ಇಲ್ಲ, ಅದರಿಂದ ಒಂದು ಯೂನಿಟ್ಟೂ ಹುಟ್ಟುವುದಿಲ್ಲ. ಆದರೂ ಅದಿಲ್ಲದೆ ಆ ಘಟಕ ಪೂರ್ತಿ ಕೊಡಲಾರದು.

ರಿಯಾಕ್ಟರ್ ಇಟ್ಟಲ್ಲಿಗೆ ಮುಗಿಯಲಿಲ್ಲ, ಅದು ತನ್ನದೇ ಒಂದು ಕಾಟ ತರುತ್ತದೆ. ಕೇಬಲನ್ನೂ ರಿಯಾಕ್ಟರನ್ನೂ ಒಂದೇ ಬ್ರೇಕರಿನಿಂದ (ಕರೆಂಟ್ ಕೂಡಿಸಿ ಕಡಿಯುವ ದೊಡ್ಡ ಸ್ವಿಚ್) ಒಟ್ಟಿಗೆ ಚಾರ್ಜ್ ಮಾಡುವಾಗ, ವೋಲ್ಟೇಜ್ ಸೊನ್ನೆಯಲ್ಲಿರುವ ಕ್ಷಣಕ್ಕೆ ಬ್ರೇಕರ್ ಮುಚ್ಚಿದರೆ ರಿಯಾಕ್ಟರಿನ ಕರೆಂಟ್ ಒಂದು ಪಕ್ಕಕ್ಕೆ ವಾಲಿಕೊಂಡು ಹರಿಯುತ್ತದೆ. ಕೇಬಲ್ಲಿನ ಕರೆಂಟೂ ರಿಯಾಕ್ಟರಿನ ಕರೆಂಟೂ ಪರಸ್ಪರ ಕಳೆದುಹೋಗಿ, ಉಳಿದ ಈ ವಾಲಿದ ಭಾಗ ಕೆಲವು ಸೆಕೆಂಡುಗಳ ಕಾಲ ಸೊನ್ನೆಯನ್ನೇ ಮುಟ್ಟದಿರಬಹುದು. ಎ.ಸಿ. (ದಿಕ್ಕು ಬದಲಿಸುತ್ತ ಹರಿಯುವ ಕರೆಂಟ್) ಬ್ರೇಕರ್ ಕಿಡಿ ಆರಿಸುವುದು ಕರೆಂಟ್ ಸೊನ್ನೆ ದಾಟುವ ಗಳಿಗೆಯಲ್ಲಿ. ಸೊನ್ನೆಯೇ ಬರದಿದ್ದರೆ, ಆ ಹೊತ್ತಿಗೆ ಯಾವುದೋ ಫೇಸಿನಲ್ಲಿ ದೋಷ ಕಂಡು ಬ್ರೇಕರ್ ತೆರೆಯಿತೆನ್ನಿ, ಉಳಿದ ಫೇಸುಗಳಲ್ಲಿ ಕಿಡಿ ಉರಿಯುತ್ತಲೇ ಇರುತ್ತದೆ. ಬ್ರೇಕರ್ ಸಿಡಿದದ್ದನ್ನು ನೋಡಿದವರಿಗೆ ಇದು ಪುಸ್ತಕದ ವಿಷಯವಲ್ಲ ಎಂದು ಗೊತ್ತು. ವೋಲ್ಟೇಜ್ ನೆತ್ತಿಯಲ್ಲಿರುವಾಗ ಮುಚ್ಚಿದರೆ ಈ ವಾಲುವಿಕೆ ತಪ್ಪುತ್ತದೆ, ಆದರೆ ಆಗ ಕೇಬಲ್ಲಿಗೆ ಬೀಳುವ ವೋಲ್ಟೇಜ್ ಹೊಡೆತ ಜಾಸ್ತಿ. ಯಾವುದು ವಾಸಿ ಎಂಬುದನ್ನು ಆಯಾ ಕೇಬಲ್ಲಿಗೆ ಪ್ರತ್ಯೇಕವಾಗಿ ಅಧ್ಯಯನ ಮಾಡಿಯೇ ತೀರ್ಮಾನಿಸಬೇಕು. ಟೆಂಡರ್ ಮುಗಿದು ಬ್ರೇಕರ್ ಬಂದಿಳಿದ ಮೇಲೆ ಈ ಅಧ್ಯಯನ ಕೈಗೆತ್ತಿಕೊಳ್ಳುವವರೇ ಹೆಚ್ಚು.

ದೂರ ಇನ್ನೂ ಹೆಚ್ಚಿ, ಘಟಕವೂ ದೊಡ್ಡದಾದಾಗ ಎ.ಸಿ.ಯ ಹಠ ಬಿಟ್ಟು ಡಿ.ಸಿ.ಗೆ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿಗೆ, ಹೋಗಬೇಕು. ಡಿ.ಸಿ. ಕೇಬಲ್ ಒಮ್ಮೆ ತುಂಬಿಕೊಂಡರೆ ಮುಗಿಯಿತು, ಮತ್ತೆ ಮತ್ತೆ ತುಂಬಿ ಬರಿದಾಗುವ ಗೋಜಿಲ್ಲ. ಎರಡು ತುದಿಯಲ್ಲಿ ಎ.ಸಿ.ಯನ್ನು ಡಿ.ಸಿ.ಗೂ ಡಿ.ಸಿ.ಯನ್ನು ಎ.ಸಿ.ಗೂ ಬದಲಿಸುವ ಕನ್ವರ್ಟರ್ ಕೇಂದ್ರಗಳು ತಲಾ ಶೇ 1ರಷ್ಟು ವಿದ್ಯುತ್ ತಿನ್ನುತ್ತವೆ, ಬೆಲೆಯೂ ದುಬಾರಿ, ಆದ್ದರಿಂದ ಸುಮಾರು 80ರಿಂದ 100 ಕಿ.ಮೀ. ದಾಟಿದ ಮೇಲೆಯೇ ಈ ದಾರಿ ಲಾಭದ್ದು. ಇಂಗ್ಲೆಂಡಿನ ಡಾಗರ್ ಬ್ಯಾಂಕ್‌ನಲ್ಲಿ 320 ಕೆ.ವಿ. ಧನ-ಋಣ ಜೋಡಿಯಲ್ಲಿ 1,200 ಮೆಗಾವ್ಯಾಟ್ ತರುವ ವ್ಯವಸ್ಥೆ. ನೆದರ್‌ಲೆಂಡ್ಸ್ ಮತ್ತು ಜರ್ಮನಿ 525 ಕೆ.ವಿ.ಯಲ್ಲಿ 2,000 ಮೆಗಾವ್ಯಾಟನ್ನೇ ಮಾದರಿ ಅಳತೆಯಾಗಿ ಇಟ್ಟುಕೊಂಡಿವೆ. ಎರಡರಲ್ಲೂ ತಂತಿಯಲ್ಲಿ ಹರಿಯುವುದು ಹೆಚ್ಚುಕಡಿಮೆ 1,900 ಆಂಪಿಯರೇ. ಹೆಚ್ಚುವರಿ 800 ಮೆಗಾವ್ಯಾಟ್ ಬಂದದ್ದು ಹೆಚ್ಚು ವೋಲ್ಟೇಜ್ ತಾಳುವ ನಿರೋಧಕದ ಗುಣಮಟ್ಟದಿಂದ.

ಡಿ.ಸಿ.ಯಲ್ಲಿ ಒಂದು ಗಳಿಗೆಯ ಲೆಕ್ಕ ಮಾತ್ರ ಎಲ್ಲರೂ ತಿಳಿದಿರಬೇಕಾದದ್ದು. ದಡದ ಹತ್ತಿರ ಎಲ್ಲೋ ಮೇಲ್ತಂತಿಗೆ ಸಿಡಿಲು ಬಡಿದು ವೋಲ್ಟೇಜ್ ನೆಲಕಚ್ಚಿತು ಎನ್ನಿ. ದೋಷ ಕಂಡು ಬ್ರೇಕರಿಗೆ ಆಜ್ಞೆ ಕೊಡುವ ರಿಲೇ ಆ ಭಾಗವನ್ನು ಕಳಚಲು ಮಿಲಿಸೆಕೆಂಡುಗಳ ಲೆಕ್ಕದಲ್ಲಿ 80ರಿಂದ 150 ಬೇಕು. ಅಷ್ಟು ಹೊತ್ತು ದಡದ ಕನ್ವರ್ಟರ್ ಗ್ರಿಡ್ಡಿಗೆ ಏನನ್ನೂ ತಳ್ಳಲಾರದು. ಆದರೆ ನೂರಾರು ಕಿಲೋಮೀಟರ್ ಆಚೆ ತಿರುಗುತ್ತಿರುವ ಯಂತ್ರಗಳಿಗೆ ಸುದ್ದಿ ಗೊತ್ತಿಲ್ಲ, ಅವು 1,200 ಮೆಗಾವ್ಯಾಟನ್ನು ಸುರಿಯುತ್ತಲೇ ಇರುತ್ತವೆ. ಡಿ.ಸಿ. ಕಡೆಯ ಕೆಪಾಸಿಟರುಗಳು ತುಂಬಿ ವೋಲ್ಟೇಜ್ ಶೇ 20ರಷ್ಟು ಏರಲು 15 ಮಿಲಿಸೆಕೆಂಡಿನ ಆಸುಪಾಸು ಸಾಕು. ಹಾಗಾಗಿ ದಡದ ಕೇಂದ್ರದಲ್ಲಿ ಚಾಪರ್ ಎಂಬ ವ್ಯವಸ್ಥೆ: ದೊಡ್ಡ ರೆಸಿಸ್ಟರುಗಳ ಸಾಲು, ಬಂದ ವಿದ್ಯುತ್ತನ್ನೆಲ್ಲ ಬಿಸಿಯಾಗಿಸಿ ಬಿಸಾಡುತ್ತದೆ. 150 ಮಿಲಿಸೆಕೆಂಡಿಗೆ ಅದು ಸುಡುವುದು 180 ಮೆಗಾಜೂಲ್, ಅಂದರೆ ಬರೀ 50 ಯೂನಿಟ್. ಮನೆಯ ಮೀಟರಿನಲ್ಲಿ ಅಂಥ ದೊಡ್ಡ ಸಂಖ್ಯೆಯೇನಲ್ಲ. ಸೆಕೆಂಡಿನ ಏಳನೇ ಒಂದು ಭಾಗದಲ್ಲಿ ಅಷ್ಟನ್ನೂ ನುಂಗುವುದೇ ಕಷ್ಟ. ಚಾಪರ್ ಇಲ್ಲದಿದ್ದರೆ, ಇದ್ದೂ ಸಮಯಕ್ಕೆ ಸರಿಯಾಗಿ ತೆರೆದುಕೊಳ್ಳದಿದ್ದರೆ, ಒಂದು ಮಾಮೂಲಿ ಸಿಡಿಲಿಗೆ ಇಡೀ ಘಟಕ ಟ್ರಿಪ್ ಆಗುತ್ತದೆ.

ಹಾಗೆ ಟ್ರಿಪ್ ಆದರೆ ಏನಾಗುತ್ತದೆ ಎಂಬುದನ್ನು ಬ್ರಿಟನ್ 2019ರ ಆಗಸ್ಟ್ 9ರ ಸಂಜೆ ಕಂಡಿತು. ಅಲ್ಲಿದ್ದದ್ದು ಎ.ಸಿ. ಸಂಪರ್ಕದ ಹಾರ್ನ್‌ಸಿ. 4 ಗಂಟೆ 52 ನಿಮಿಷಕ್ಕೆ ಲಂಡನ್ನಿನ ಉತ್ತರಕ್ಕೆ 400 ಕೆ.ವಿ. ಮಾರ್ಗಕ್ಕೆ ಸಿಡಿಲು ಹೊಡೆಯಿತು. ರಿಲೇಗಳು ತಮ್ಮ ಕೆಲಸ ಅಚ್ಚುಕಟ್ಟಾಗಿ ಮಾಡಿದವು, ಇಪ್ಪತ್ತು ಸೆಕೆಂಡಿಗೆಲ್ಲ ಮಾರ್ಗ ಮತ್ತೆ ಸರಿಯಾಯಿತು. ದೂರದ ಹಾರ್ನ್‌ಸಿಯ ದಡದ ತುದಿಯಲ್ಲಿ ಕಂಡ ವೋಲ್ಟೇಜ್ ಇಳಿತ ಬರೀ ಶೇ 2. ಆದರೆ ಘಟಕದ ವೋಲ್ಟೇಜ್ ನಿಯಂತ್ರಣ ಅದನ್ನು ಸರಿಪಡಿಸಲು ಹೋಗಿ ತಾನೇ ತೂಗಾಡತೊಡಗಿತು. ತೂಗಾಟ ಬೆಳೆದು ಯಂತ್ರಗಳ ರಕ್ಷಣಾ ರಿಲೇಗಳು ಅತಿಕರೆಂಟ್ ಎಂದು ಕಳಚಿಕೊಂಡವು. 799 ಮೆಗಾವ್ಯಾಟ್ ಇದ್ದದ್ದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ 62ಕ್ಕೆ ಇಳಿಯಿತು. ಅದೇ ಹೊತ್ತಿಗೆ ಅನಿಲ ವಿದ್ಯುತ್ ಕೇಂದ್ರವೊಂದರ ಸ್ಟೀಮ್ ಟರ್ಬೈನಿನ 244, ಊರೂರಿನ ಸಣ್ಣ ಘಟಕಗಳ 150, ಒಟ್ಟು 1,131 ಮೆಗಾವ್ಯಾಟ್ ಹೋಯಿತು. ತಕ್ಷಣದ ಮೀಸಲು ಇದ್ದದ್ದು 1,000. ಫ್ರೀಕ್ವೆನ್ಸಿ (ಎ.ಸಿ. ಸೆಕೆಂಡಿಗೆ ಎಷ್ಟು ಬಾರಿ ಮಿಡಿಯುತ್ತದೆ ಎಂಬ ಲೆಕ್ಕ, ಸಹಜವಾಗಿ 50 ಹರ್ಟ್ಸ್) ಇಳಿಯುವ ವೇಗ ನೋಡಿ ಇನ್ನೂ 350 ಮೆಗಾವ್ಯಾಟಿನ ಸಣ್ಣ ಘಟಕಗಳು ಹೆದರಿ ಕಳಚಿಕೊಂಡವು. ಮೀಸಲು ಎಲ್ಲ ಸುರಿದು 49.1 ಹರ್ಟ್ಸ್‌ನಿಂದ ಮೇಲೇಳುತ್ತಿದ್ದಾಗ ಅದೇ ಅನಿಲ ಕೇಂದ್ರದ ಗ್ಯಾಸ್ ಟರ್ಬೈನೂ ನಿಂತು 48.8ಕ್ಕೆ ಬಂತು. ಆಗ ಸ್ವಯಂಚಾಲಿತ ರಿಲೇಗಳು ಸುಮಾರು 11 ಲಕ್ಷ ಗ್ರಾಹಕರ ವಿದ್ಯುತ್ ಕಡಿದು ಉಳಿದ ಗ್ರಿಡ್ಡನ್ನು ಉಳಿಸಿಕೊಂಡವು. ಮುಕ್ಕಾಲು ಗಂಟೆಯಲ್ಲಿ ಮನೆಗಳಿಗೆ ವಿದ್ಯುತ್ ಮರಳಿತು. ರೈಲುಗಳ ಪಾಡು ಬೇರೆ: 49 ಹರ್ಟ್ಸ್‌ಗಿಂತ ಕೆಳಗಿಳಿದರೆ ಬೀಗ ಹಾಕಿಕೊಳ್ಳುವ ಸಾಫ್ಟ್‌ವೇರ್ ಇದ್ದ ಹೊಸ ರೈಲುಗಳು ನಡುದಾರಿಯಲ್ಲಿ ನಿಂತವು, ಕೆಲವನ್ನು ಎಬ್ಬಿಸಲು ತಂತ್ರಜ್ಞರೇ ಹೋಗಬೇಕಾಯಿತು.

ಹಾರ್ನ್‌ಸಿಯ ದೋಷ ಸರಿಮಾಡಲು ಹೊಸ ಯಂತ್ರ ಬೇಕಾಗಲಿಲ್ಲ. ಮರುದಿನವೇ ನಿಯಂತ್ರಣದ ಸಾಫ್ಟ್‌ವೇರ್ ಬದಲಾಯಿಸಿದರು. ನಮ್ಮ ತಕರಾರು ಇಲ್ಲೇ ಇರುವುದು. ಗ್ರಿಡ್ಡಿಗೆ ಸೇರಿಸುವ ಮುನ್ನ, ಆ ಸಂಪರ್ಕ ಬಿಂದುವಿನ ಗ್ರಿಡ್ ಎಷ್ಟು ಬಲವಾಗಿದೆ ಎಂಬುದನ್ನು ಸೇರಿಸಿಕೊಂಡು, ತಯಾರಕರ ನಿಜವಾದ ನಿಯಂತ್ರಣ ಸಾಫ್ಟ್‌ವೇರನ್ನೇ ಕಂಪ್ಯೂಟರ್ ಮಾದರಿಯಲ್ಲಿ ಕೂರಿಸಿ, ಮಿಲಿಸೆಕೆಂಡ್ ಮಿಲಿಸೆಕೆಂಡಾಗಿ ಪರೀಕ್ಷಿಸಬೇಕು. ಬಿಂದುವಿನ ಶಾರ್ಟ್ ಸರ್ಕ್ಯೂಟ್ ಬಲ (ಅಲ್ಲಿ ಶಾರ್ಟ್ ಆದರೆ ಗ್ರಿಡ್ ಎಷ್ಟು ಶಕ್ತಿ ಸುರಿಯಬಲ್ಲದು ಎಂಬ ಅಳತೆ) ಘಟಕದ ಮೆಗಾವ್ಯಾಟಿನ ಮೂರು ಪಟ್ಟಿಗಿಂತ ಕಡಿಮೆಯಿದ್ದರೆ ಅಲ್ಲಿ ನಿಯಂತ್ರಣಗಳು ಕುಣಿಯುವ ಅಪಾಯವಿದೆ ಎಂದೇ ತಿಳಿಯಬೇಕು. ಸಾಮಾನ್ಯವಾಗಿ ಕೊಡುವುದು ಸರಳೀಕರಿಸಿದ ಮಾದರಿ, ವ್ಯಾಪಾರ ರಹಸ್ಯದ ನೆಪದಲ್ಲಿ. ಸರಳ ಮಾದರಿಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ನಿಯಂತ್ರಣದ ಸೆಟ್ಟಿಂಗೂ ಸೇರಿ ರಾಜ್ಯ ಕತ್ತಲಾದ ಉದಾಹರಣೆ ನೆಲದ ಮೇಲಿನ ಗಾಳಿಯಂತ್ರಗಳಲ್ಲೂ ಇದೆ. 2016ರ ಸೆಪ್ಟೆಂಬರ್ 28ರಂದು ದಕ್ಷಿಣ ಆಸ್ಟ್ರೇಲಿಯಾದಲ್ಲಿ ಬಿರುಗಾಳಿಗೆ ಗೋಪುರಗಳು ಉರುಳಿ ಎರಡು ನಿಮಿಷದಲ್ಲಿ ಆರು ಬಾರಿ ವೋಲ್ಟೇಜ್ ಕುಸಿಯಿತು. ಇಷ್ಟು ಸಲಕ್ಕಿಂತ ಹೆಚ್ಚು ಕುಸಿದರೆ ಕಳಚಿಕೊ ಎಂದು ಹಲವು ಘಟಕಗಳಲ್ಲಿ ಮೊದಲೇ ಬರೆದಿಟ್ಟಿದ್ದರು. ಗ್ರಿಡ್ ನಡೆಸುವವರಿಗೆ ಆ ಎಣಿಕೆಯೇ ಗೊತ್ತಿರಲಿಲ್ಲ.

ಜಡತ್ವದ ಮಾತು ಈಗ. ಉಷ್ಣ ಸ್ಥಾವರದ, ಜಲವಿದ್ಯುತ್ತಿನ ಭಾರಿ ರೋಟರುಗಳು ಗ್ರಿಡ್ಡಿನ ಜೊತೆ ಒಂದೇ ಲಯದಲ್ಲಿ ತಿರುಗುತ್ತಿರುತ್ತವೆ. ಎಲ್ಲೋ ಒಂದು ಘಟಕ ಬಿದ್ದರೆ ಆ ರೋಟರುಗಳು ತಮ್ಮ ಚಲನೆಯ ಶಕ್ತಿಯನ್ನೇ ಕೊಟ್ಟು ಮೊದಲ ಕೆಲವು ಸೆಕೆಂಡು ನಿಭಾಯಿಸುತ್ತವೆ. 200 ಗಿಗಾವ್ಯಾಟ್-ಸೆಕೆಂಡ್ ಶಕ್ತಿ ತಿರುಗುತ್ತಿರುವ ಗ್ರಿಡ್ಡಿನಲ್ಲಿ 1,000 ಮೆಗಾವ್ಯಾಟ್ ಹೋದರೆ ಫ್ರೀಕ್ವೆನ್ಸಿ ಇಳಿಯುವ ವೇಗ ಸೆಕೆಂಡಿಗೆ 0.125 ಹರ್ಟ್ಸ್. ತಿರುಗುವ ಶಕ್ತಿ ಅರ್ಧವಾದರೆ ವೇಗ ಎರಡರಷ್ಟು. ಕಡಲ ಯಂತ್ರದ ರೆಕ್ಕೆಯೂ ಭಾರಿಯೇ, ಆದರೆ ನಡುವೆ ಕನ್ವರ್ಟರ್ ಇರುವುದರಿಂದ ಅದರ ತೂಕ ಗ್ರಿಡ್ಡಿಗೆ ತಾನಾಗಿ ಸಿಗುವುದಿಲ್ಲ. ಕನ್ವರ್ಟರಿಗೆ ಹೇಳಿಕೊಟ್ಟು ಕೆಲವು ಸೆಕೆಂಡು ಶೇ 10ರಷ್ಟು ಹೆಚ್ಚು ಹಿಂಡಬಹುದು. ಆಮೇಲೆ ರೆಕ್ಕೆ ನಿಧಾನವಾಗಿ, ಕೊಟ್ಟದ್ದನ್ನು ಅದು ವಾಪಸ್ ಕೇಳುತ್ತದೆ. ನಮಗೆ ನೆಚ್ಚಿಕೆ ಹೆಚ್ಚು ಸಿಂಕ್ರೊನಸ್ ಕಂಡೆನ್ಸರುಗಳ ಮೇಲೆ. ಇಂಧನ ಸುಡದೆ ಖಾಲಿ ತಿರುಗುವ ಜನರೇಟರ್, ಅದಕ್ಕೊಂದು ಭಾರಿ ಫ್ಲೈವೀಲ್. ಕಲ್ಲಿದ್ದಲು ಸ್ಥಾವರ ಮುಚ್ಚುವಾಗ ಅದರ ಜನರೇಟರನ್ನು ಗುಜರಿಗೆ ಹಾಕುವ ಮೊದಲು ಇದಕ್ಕೆ ಬರುತ್ತದೆಯೇ ಎಂದು ನೋಡಬೇಕು.

ಮೀಸಲಿನ ಪ್ರಶ್ನೆಯೂ ಇದಕ್ಕೆ ಅಂಟಿಕೊಂಡೇ ಇದೆ. ಒಂದೇ ಪೆಟ್ಟಿಗೆ ಎಷ್ಟು ಹೋಗಬಹುದೋ ಅಷ್ಟು ಮೀಸಲು ಇಡಬೇಕು. ಬ್ರಿಟನ್ನಿನಲ್ಲಿ ಈ ಮಿತಿ 1,800 ಮೆಗಾವ್ಯಾಟ್, ಯೂರೋಪ್ ಖಂಡದ ದೇಶಗಳೆಲ್ಲ ಸೇರಿ ಹೊರುವುದು 3,000. ಅಂಥಲ್ಲಿ 2,000 ಮೆಗಾವ್ಯಾಟಿನ ಒಂದೇ ಜೋಡಿ ಕೇಬಲ್ ಹಾಕುವಾಗ, ಜೊತೆಗೆ ಮೂರನೆಯದಾಗಿ ಕರೆಂಟ್ ಹಿಂತಿರುಗಲು ಒಂದು ಲೋಹದ ಕೇಬಲ್ ಹೂಳುವುದು ದುಂದಲ್ಲ. ಒಂದು ಧ್ರುವ ಕೆಟ್ಟರೂ ಇನ್ನೊಂದು ಧ್ರುವ ಅದರ ಮೂಲಕ 1,000 ಮೆಗಾವ್ಯಾಟ್ ಸಾಗಿಸುತ್ತದೆ. ಮೂರನ್ನೂ ಒಂದೇ ಕಂದಕದಲ್ಲಿ ಹೂತರೆ ಮಾತ್ರ ಒಂದು ಲಂಗರು ಮೂರನ್ನೂ ಎಳೆದುಕೊಂಡು ಹೋಗುತ್ತದೆ.

ಗಾಳಿಯ ಚಂಚಲತೆಯ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಒಂದೆರಡು ಮಾತು ಸಾಕು. ಶಕ್ತಿ ವೇಗದ ಘನಕ್ಕೆ ತಕ್ಕಂತೆ ಬದಲಾಗುವುದರಿಂದ, ಸೆಕೆಂಡಿಗೆ 10 ಮೀಟರ್ ವೇಗದ ಗಾಳಿಯೆಂದು ಹೇಳಿ 9 ಬೀಸಿದರೆ ವಿದ್ಯುತ್ ಶೇ 27ರಷ್ಟು ಕಡಿಮೆ. ಇನ್ನು ಬಿರುಗಾಳಿ: ಸೆಕೆಂಡಿಗೆ 25 ಮೀಟರ್ ದಾಟಿದಾಗ ಯಂತ್ರ ನಿಲ್ಲುವಂತೆ ಇಟ್ಟಿದ್ದರೆ, ಒಂದೇ ಸಮುದ್ರದಲ್ಲಿ ಒತ್ತೊತ್ತಾಗಿ ನಿಂತ ಘಟಕಗಳೆಲ್ಲ ಪೂರ್ಣ ಶಕ್ತಿಯಿಂದ ಸೊನ್ನೆಗೆ ಕೆಲವೇ ನಿಮಿಷಗಳಲ್ಲಿ ಬೀಳುತ್ತವೆ. 25ರಿಂದ ಮುಂದಕ್ಕೆ ಹಂತಹಂತವಾಗಿ ಇಳಿಸುವ ನಿಯಂತ್ರಣ ಈಗ ಸಿಗುತ್ತದೆ. ಸಂಪರ್ಕ ಒಪ್ಪಂದದಲ್ಲಿ ಅದನ್ನು ಕಡ್ಡಾಯ ಮಾಡಿದರೆ ಆಯಿತು.

ದಡ ಮುಟ್ಟಿದ ಮೇಲೂ ದಾರಿ ಬಾಕಿ ಇರುತ್ತದೆ. ಗಾಳಿ ಇರುವ ಕಡಲು ಒಂದು ಕಡೆ, ವಿದ್ಯುತ್ ಬೇಕಾದ ಕಾರ್ಖಾನೆಗಳು ಇನ್ನೊಂದು ಕಡೆ. ಜರ್ಮನಿಯ ಉತ್ತರದ ಗಾಳಿಯನ್ನು ದಕ್ಷಿಣಕ್ಕೆ ಸಾಗಿಸಲು ಯೋಜಿಸಿದ ಸೂಡ್‌ಲಿಂಕ್ ಮಾರ್ಗ ಸುಮಾರು 700 ಕಿ.ಮೀ. ಉದ್ದದ್ದು, 4,000 ಮೆಗಾವ್ಯಾಟ್ ಹೊರುವಂಥದ್ದು. 2022ಕ್ಕೆ ಮುಗಿಯಬೇಕಿತ್ತು. ಗೋಪುರ ಬೇಡವೆಂದು ಜನ ಎದ್ದು ನಿಂತಾಗ 2015ರಲ್ಲಿ ಕಾನೂನನ್ನೇ ಬದಲಿಸಿ ನೆಲದಡಿಯ ಕೇಬಲ್ಲಿಗೆ ಆದ್ಯತೆ ಕೊಟ್ಟರು, ಮಾರ್ಗದ ಯೋಜನೆ ಮೊದಲಿನಿಂದ ಶುರುವಾಯಿತು. ಈಗಿನ ಗುರಿ 2028ರ ಕೊನೆ. ಈ ನಡುವೆ ಉತ್ತರದಲ್ಲಿ ಗಾಳಿ ಜೋರಾದ ದಿನ ಯಂತ್ರ ನಿಲ್ಲಿಸಿ ಮಾಲೀಕರಿಗೆ ಪರಿಹಾರ ಕೊಡುತ್ತಾರೆ, ದಕ್ಷಿಣದಲ್ಲಿ ಬೇರೆ ಸ್ಥಾವರ ಹೊತ್ತಿಸಲು ಅಲ್ಲಿಯೂ ಹಣ ಕೊಡುತ್ತಾರೆ.

ಕೊನೆಯದಾಗಿ ದುರಸ್ತಿ. ಕೇಬಲನ್ನು ಸಮುದ್ರತಳದಲ್ಲಿ ಒಂದರಿಂದ ಮೂರು ಮೀಟರ್ ಆಳಕ್ಕೆ ಹೂಳುತ್ತಾರೆ, ಆದರೆ ಮರಳು ಜರುಗುತ್ತದೆ, ಇಂದು ಎರಡು ಮೀಟರ್ ಕೆಳಗಿದ್ದದ್ದು ನಾಲ್ಕು ವರ್ಷಕ್ಕೆ ಬೆತ್ತಲಾಗಬಹುದು. ಹೆಚ್ಚು ಪೆಟ್ಟು ತಿನ್ನುವುದು ಗೋಪುರದ ಬುಡದಲ್ಲಿ. ಅಲೆಗೆ ಅಲುಗುತ್ತ ಕವಚ ಕಲ್ಲಿಗೆ ಉಜ್ಜಿ ಸವೆಯುತ್ತದೆ. ತುಂಡಾದರೆ ಮೊದಲು ದಡದಿಂದ ಪಲ್ಸ್ ಕಳಿಸಿ ಅದು ಹಿಂತಿರುಗುವ ಸಮಯದಿಂದ ಜಾಗ ಅಂದಾಜಿಸಬೇಕು, ಹಡಗು ಗೊತ್ತುಮಾಡಬೇಕು, ಅಲೆ ತಗ್ಗುವವರೆಗೆ ಕಾಯಬೇಕು. ಕಡಿದ ತುದಿಗಳನ್ನು ಎತ್ತಿ, ನೀರು ಹೊಕ್ಕ ಭಾಗ ಕತ್ತರಿಸಿ, ಹಡಗಿನ ಮೇಲಿನ ಧೂಳಿಲ್ಲದ ಕೋಣೆಯಲ್ಲಿ ಹೊಸ ತುಂಡು ಸೇರಿಸಬೇಕು. ತುದಿಗಳು ಮೇಲೆ ಬರುವಾಗ ನೀರಿನ ಆಳದಷ್ಟು ಉದ್ದ ಬೇಕಾಗುವುದರಿಂದ ಒಂದು ಕಡಿತಕ್ಕೆ ಎರಡು ಜೋಡಣೆ ಅನಿವಾರ್ಯ. ಒಂದು ಜೋಡಣೆಗೇ ಹಲವು ದಿನ, ಒಟ್ಟು ದುರಸ್ತಿಗೆ ತಿಂಗಳುಗಳು. ಅದೇ ಅಳತೆಯ ಬಿಡಿ ಕೇಬಲ್ ಗೋದಾಮಿನಲ್ಲಿ ಇಲ್ಲದಿದ್ದರೆ ಹೊಸದನ್ನು ಕಾರ್ಖಾನೆಯಲ್ಲಿ ಮಾಡಿಸಿ ತರುವವರೆಗೆ ಘಟಕದ ವಿದ್ಯುತ್ ಕಡಲಲ್ಲೇ ಉಳಿಯುತ್ತದೆ.

ಆದ್ದರಿಂದ ನಿಮ್ಮ ವರದಿಗಾರರಲ್ಲಿ ಒಂದು ಕೋರಿಕೆ. ಮುಂದಿನ ಸಲ ಯಾವ ದೇಶದ ಯಾವ ಕಡಲ ಗಾಳಿ ಯೋಜನೆಯ ಪ್ರಕಟಣೆ ಬಂದರೂ ಮೆಗಾವ್ಯಾಟಿನ ಪಕ್ಕದಲ್ಲಿ ಇಷ್ಟನ್ನೂ ಕೇಳಿ ಹಾಕಿ: ಕೇಬಲ್ ಎಷ್ಟು ಉದ್ದ, ಯಾವ ವೋಲ್ಟೇಜ್, ಯಾವ ಸಬ್‌ಸ್ಟೇಷನ್ನಿಗೆ ಸೇರುತ್ತದೆ, ಅಲ್ಲಿಂದ ಮುಂದಿನ ಮಾರ್ಗ ಯಾವ ತಿಂಗಳಿಗೆ ಸಿದ್ಧ, ಕೇಬಲ್ ತಡವಾದರೆ ನಷ್ಟ ಕಟ್ಟಿಕೊಡುವವರು ಯಾರು. ಯಂತ್ರ ಕಟ್ಟುವವರೇ ಕೇಬಲ್ ಹಾಕಬೇಕೆ, ಪ್ರಸರಣ ಸಂಸ್ಥೆ ಹಾಕಬೇಕೆ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ ಮೊದಲಿನವರು ಹಾಕಿ ನಂತರ ಬೇರೆಯವರಿಗೆ ಹಸ್ತಾಂತರಿಸುತ್ತಾರೆ, ಜರ್ಮನಿಯಲ್ಲಿ ಎರಡನೆಯವರದೇ ಹೊಣೆ. ಪ್ರಕಟಣೆಯಲ್ಲಿ ಈ ಸಾಲು ಕಾಣದಿದ್ದರೆ ಅದನ್ನೂ ಬರೆಯಿರಿ.

ಇಂತಿ,
ವಿದ್ಯುತ್ ಪ್ರಸರಣ ಮತ್ತು ಲೋಡ್ ಡಿಸ್‌ಪ್ಯಾಚ್ ಕೆಲಸದಲ್ಲಿರುವ ಕೆಲವು ಎಂಜಿನಿಯರುಗಳು